ಒಳಗೆ ನಮ್ಮವರಿದ್ದಾರೆ

ರಾದಿವೋಯೆ ಬೆನ್ನುಮೂಳೆಯಿಲ್ಲದ ಮನುಷ್ಯ. ಕಳೆದ ವರ್ಷ ಸೊಂಟನೋವೆಂದು ತೆಗೆಸಿದ ಎಕ್ಸ್-ರೇಯಲ್ಲಿ ಮೂಳೆ ಕಾಣಿಸಿದ್ದೇನೋ ನಿಜ. ಆದರೆ ಅದು ಇರುವುದು ಅಲಂಕಾರಕ್ಕೆ, ಬಳಕೆಗಲ್ಲ ಎಂಬುದು ಅವನ ಹೆಂಡತಿ ವುಕೊಸಾವಾಳ ಖಚಿತ ಅಭಿಪ್ರಾಯ. ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ಆತ ಯಾರಿಗೂ 'ಇಲ್ಲ' ಎಂದದ್ದನ್ನು ಅವಳು ಕೇಳಿರಲಿಲ್ಲ. ಪೊರಕೆ ಮಾರುವವನಿಗೆ ಇಲ್ಲ ಎನ್ನಲಾರದೆ ಮನೆಯಲ್ಲಿ ಒಂಬತ್ತು ಪೊರಕೆ ಸೇರಿಕೊಂಡಿದ್ದವು. ಹಲ್ಲಿನ ಡಾಕ್ಟರು "ಪಕ್ಕದ್ದನ್ನೂ ಕೀಳೋಣವೆ?" ಎಂದು ಕೇಳಿದಾಗ, ಅವರಿಗೆ ಬೇಸರವಾದೀತೆಂದು ಗಟ್ಟಿಯಾದ ಹಲ್ಲೊಂದನ್ನು ಬಿಟ್ಟುಕೊಟ್ಟು ಬಂದಿದ್ದ. ಇಂಥವನನ್ನು ಇಂಟರ್ನೆಟ್ಟಿನ ಕರಾರಿಗೆ ಸಹಿ ಹಾಕಿ ಬಾ ಎಂದು ಕಳಿಸಿದ್ದು ತನ್ನದೇ ತಪ್ಪು ಎಂದು ವುಕೊಸಾವಾ ಆಮೇಲೆ ಒಪ್ಪಿಕೊಂಡಳು. ಅವಳು ತನ್ನ ತಪ್ಪನ್ನು ಒಪ್ಪಿಕೊಂಡದ್ದು ಆಯುಷ್ಯದಲ್ಲಿ ಅದು ಮೂರನೆಯ ಸಲ. (ಮೊದಲನೆಯದು ಮದುವೆ. ಎರಡನೆಯದರ ಬಗ್ಗೆ ಅವಳು ಮಾತಾಡುವುದಿಲ್ಲ.)

ವುಕೊಸಾವಾ ವಾಲ್ಯೆವೊ ಪಟ್ಟಣದ ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವಳು. ನಿವೃತ್ತಳಾಗಿ ಎರಡು ವರ್ಷವಾಗಿತ್ತು. ತಿದ್ದಲು ಉತ್ತರಪತ್ರಿಕೆಗಳಿಲ್ಲದ್ದರಿಂದ ಅವಳು ಜಗತ್ತನ್ನು ತಿದ್ದತೊಡಗಿದ್ದಳು. ಮಾಂಸದಂಗಡಿಯ ಚೀಟಿಯನ್ನು ಅಲ್ಲೇ ನಿಂತು ಕೂಡಿ ಕಳೆದು ನೋಡುತ್ತಿದ್ದಳು. ಟೀವಿಯ ವಾರ್ತೆಯವನು "ಶೇಕಡಾ ಎರಡರಷ್ಟು ಏರಿಕೆ" ಎಂದರೆ "ಯಾವುದರ ಶೇಕಡಾ, ಪೆದ್ದ?" ಎಂದು ಗದರುತ್ತಿದ್ದಳು. ಕಟ್ಟಡದ ಕೆಳಗೆ ಅಂಟಿಸಿದ ನೋಟೀಸುಗಳಿಗೆ ಕೆಂಪು ಪೆನ್ನಿನಲ್ಲಿ ಅಂಕ ಕೊಟ್ಟು ಬರುತ್ತಿದ್ದಳು. ಇದುವರೆಗೆ ಯಾವ ನೋಟೀಸೂ ಪಾಸಾಗಿರಲಿಲ್ಲ.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಶಾಲೆಯೊಂದರಿಂದ ಪತ್ರ ಬಂತು. ಅಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ತಾಯ್ನುಡಿಯಲ್ಲಿ ಗಣಿತ ಹೇಳಿಕೊಡಬೇಕು. ವಾರಕ್ಕೆ ಮೂರು ದಿನ, ಇಂಟರ್ನೆಟ್ಟಿನ ಮೂಲಕ, ಮನೆಯಲ್ಲೇ ಕೂತು. ಅಕ್ಟೋಬರ್ ಹದಿನಾಲ್ಕರ ಬುಧವಾರ ಸಂಜೆ ಐದಕ್ಕೆ ಒಂದು ಪರೀಕ್ಷಾ ಪಾಠ, ನಲವತ್ತೈದು ನಿಮಿಷ. ಅದು ಸರಿಹೋದರೆ ಕೆಲಸ ಅವಳದು. ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನ ಹೆಸರು ಪೆರ್ಸಿದಾಳದು. ಪೆರ್ಸಿದಾ ಅದೇ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಅವಳ ಸಹೋದ್ಯೋಗಿಯಾಗಿದ್ದವಳು; ಭಿನ್ನರಾಶಿ ಕಲಿಸುವಾಗ ಕೇಕು ತಂದು ಕತ್ತರಿಸಿ ಹಂಚುತ್ತಿದ್ದವಳು. ಮಕ್ಕಳಿಗೆ ಅವಳೆಂದರೆ ಪ್ರಾಣ. ಗಣಿತ ಬರುತ್ತಿರಲಿಲ್ಲ.

ಪತ್ರವನ್ನು ವುಕೊಸಾವಾ ನಾಲ್ಕು ಸಲ ಓದಿದಳು. ಒಂದೂ ತಪ್ಪು ಸಿಗಲಿಲ್ಲ. ಅಂದಿನಿಂದ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ತೊಡಕೆಂದರೆ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಕಟ್ಟಡಕ್ಕೆ ಕೇಬಲ್ ಎಳೆಸುವ ವಿಷಯ ನಾಲ್ಕು ವರ್ಷದಿಂದ ನಿವಾಸಿಗಳ ಸಭೆಯಲ್ಲಿ ಚರ್ಚೆಯಾಗುತ್ತಲೇ ಇತ್ತು. ಮೂರನೆಯ ಮಹಡಿಯ ಪೆತ್ರಾಶಿನ್ ತನ್ನ ಬಾಲ್ಕನಿಯ ಮುಂದೆ ತಂತಿ ಹಾಯಲು ಬಿಡುವುದಿಲ್ಲ ಎನ್ನುತ್ತಿದ್ದ. ಯಾಕೆಂದು ಕೇಳಿದರೆ "ನನಗೆ ಗೊತ್ತು" ಎನ್ನುತ್ತಿದ್ದ. ಹಾಗಾಗಿ ಉಳಿದದ್ದು ಒಂದೇ ದಾರಿ: ಮೊಬೈಲ್ ಕಂಪನಿಯೊಂದಿಗೆ ತಿಂಗಳ ಕರಾರು, ಜೊತೆಗೆ ಅವರು ಕೊಡುವ ಪುಟ್ಟ ಪೆಟ್ಟಿಗೆ.

ಊರಿನಲ್ಲಿ ಅಂಥ ಕಂಪನಿಗಳು ಮೂರು. ಅವುಗಳ ಅಸಲು ಹೆಸರು ಯಾರೂ ಹೇಳುತ್ತಿರಲಿಲ್ಲ. ಜಾಹೀರಾತಿನ ಪ್ರಾಣಿಯಿಂದಲೇ ಗುರುತು. ಕೊಕ್ಕರೆ, ಮಿಂಚುಹುಳು, ಅಳಿಲು. ವುಕೊಸಾವಾ ಮೂರೂ ಕಂಪನಿಗಳ ಕರಪತ್ರಗಳನ್ನು ತರಿಸಿ, ಚೌಕಳಿ ಹಾಳೆಯ ಮೇಲೆ ಹನ್ನೊಂದು ಅಡ್ಡಸಾಲು, ಏಳು ಕಂಬಸಾಲುಗಳ ಕೋಷ್ಟಕ ಬರೆದಳು. ತಿಂಗಳ ದರ, ವೇಗ, ಮಿತಿ, ಅವಧಿ, ಮಧ್ಯದಲ್ಲಿ ಬಿಟ್ಟರೆ ದಂಡ, ಸಣ್ಣಕ್ಷರದ ಷರತ್ತು, ಅದಕ್ಕಿಂತ ಸಣ್ಣಕ್ಷರದ ಷರತ್ತು. ಮೂರು ದಿನ ಲೆಕ್ಕ ಹಾಕಿ ಉತ್ತರ ಕಂಡುಹಿಡಿದು, ಅದರ ಕೆಳಗೆ ಎರಡು ಗೆರೆ ಎಳೆದಳು: ಅಳಿಲು, ಒಂಬತ್ತನೆಯ ಸಾಲು, ಮಿತಿಯಿಲ್ಲದ್ದು, ಎರಡು ವರ್ಷ.

ಅವತ್ತು ಬಾಲ್ಕನಿಯಲ್ಲಿ ಚಳಿಗಾಲದ ಚಟ್ನಿಗೆಂದು ಐವತ್ತು ಕಿಲೋ ಕೆಂಪು ಮೆಣಸಿನಕಾಯಿ ಸುಡುವುದಿತ್ತು. ಅದನ್ನು ರಾದಿವೋಯೆಗೆ ಬಿಟ್ಟರೆ ದಾರಿಹೋಕರಿಗೆಲ್ಲ ಹಂಚಿಬಿಡುತ್ತಾನೆ. ಆದ್ದರಿಂದ ಅವಳು ಮೆಣಸಿನಕಾಯಿಯ ಜೊತೆ ಉಳಿದು, ಕೋಷ್ಟಕವನ್ನು ಅವನ ಕೈಗೆ ಕೊಟ್ಟಳು.

"ಅಳಿಲಿನ ಅಂಗಡಿ. ಒಂಬತ್ತನೇ ಸಾಲು. ಸಹಿ ಹಾಕು, ಪೆಟ್ಟಿಗೆ ತಗೋ, ಮನೆಗೆ ಬಾ. ಬಾಯಿ ಬಿಡಬೇಡ."

"ಸರಿ ಕಣೇ. ಆದ್ರೆ..." ರಾದಿವೋಯೆ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಲ್ಲಿ ಒಳಗೆ ನಮ್ಮವರು ಯಾರಿದಾರೆ?"

"ಯಾರೂ ಇಲ್ಲ. ಯಾಕಿರ್ಬೇಕು? ಅದು ಅಂಗಡಿ."

"ಯಾರೂ ಇಲ್ದೇನೆ ಹಾಗೇ ಹೋಗೋದಾ? ಜರ್ಮನ್ನರ ಥರ?"

ವುಕೊಸಾವಾ ಸುಟ್ಟ ಮೆಣಸಿನಕಾಯಿ ಹಿಡಿದಿದ್ದ ಇಕ್ಕಳದಿಂದ ಬಾಗಿಲು ತೋರಿಸಿದಳು.

ರಾದಿವೋಯೆಯ ಸಂಕೋಚವನ್ನು ಪೂರ್ತಿ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ವಾಲ್ಯೆವೊದಲ್ಲಿ ಸೊಂಟದ ಎಕ್ಸ್-ರೇಯಿಂದ ಹಿಡಿದು ಸ್ಮಶಾನದ ಜಾಗದವರೆಗೆ ಯಾವ ಕೆಲಸಕ್ಕೂ ಜನ ಸುಮ್ಮನೆ ಹೋಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಮೊದಲು ಒಳಗೆ ನಮ್ಮವರು ಯಾರು ಎಂದು ವಿಚಾರಿಸುತ್ತಾರೆ. ನಮ್ಮವರಿದ್ದರೆ ಕೆಲಸ ಬೇಗ ಆಗುತ್ತದೆಂದಲ್ಲ. ಸಾಮಾನ್ಯವಾಗಿ ತಡವೇ ಆಗುತ್ತದೆ. ಆದರೆ ಕೆಟ್ಟರೂ ನಮ್ಮವರಿಂದಲೇ ಕೆಟ್ಟಿತಲ್ಲ ಎಂಬ ನೆಮ್ಮದಿ ಉಂಟು.

ನಾಲ್ಕು ಗಂಟೆ ಕಳೆದ ಮೇಲೆ ರಾದಿವೋಯೆ ಮನೆಗೆ ಬಂದ. ಮೈಯಿಂದ ಪ್ಲಮ್ ಹಣ್ಣಿನ ಬ್ರಾಂದಿಯ ವಾಸನೆ, ಕಂಕುಳಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆ.

"ಇದೇನು?"

"ದಾರೀಲಿ ಕೂಮ್ ಸಿಕ್ಕಿದ್ದ."

ಇಷ್ಟು ಹೇಳಿದರೆ ಆ ಊರಿನಲ್ಲಿ ಉಳಿದದ್ದನ್ನು ಹೇಳಬೇಕಾಗಿಲ್ಲ. ಕೂಮ್ ಎಂದರೆ ಮದುವೆಯಲ್ಲಿ ಸಾಕ್ಷಿ ನಿಂತವನು. ಒಡಹುಟ್ಟಿದವರ ಮೇಲೆ ಕೋರ್ಟಿಗೆ ಹೋಗಬಹುದು, ಹೆತ್ತವರೊಡನೆ ಮಾತು ಬಿಡಬಹುದು. ಕೂಮನ ಮಾತು ಮಾತ್ರ ತೆಗೆದುಹಾಕುವಂತಿಲ್ಲ. ಇವರ ಕೂಮ್ ತಿಹೋಮಿರ್. ಟೈರು ರಿಪೇರಿ ಅಂಗಡಿಯವನು. ಹೆಬ್ಬಾಗಿಲಿನಷ್ಟು ಅಗಲ, ಮಳೆಗಾಲದ ಹೊಳೆಯಷ್ಟು ಸದ್ದು.

"ಅವನ ತಂಗಿ ಮಗ ಕೊಕ್ಕರೇಲಿ ಇದಾನಂತೆ. 'ಮನೆಯವನನ್ನ ಇಟ್ಕೊಂಡು ಅಳಿಲಿನ ಹತ್ರ ಹೋಗ್ತೀಯೇನೋ, ಹೊರಗಿನವರ ಹತ್ರ?' ಅಂದ. ಕಣ್ಣಲ್ಲಿ ನೀರು ಬಂತು ಅವನಿಗೆ."

"ನೀರಲ್ಲ, ಬ್ರಾಂದಿ. ಕೋಷ್ಟಕ ತೋರ್ಸಿದ್ಯಾ?"

"ತೋರ್ಸ್ದೆ. 'ಅಕ್ಷರ ಮುದ್ದಾಗಿದೆ' ಅಂದ."

ಕೊಕ್ಕರೆಯ ಕರಾರು ಅವಳ ಕೋಷ್ಟಕದಲ್ಲಿ ಕೊನೆಯ ಸಾಲು. ಎರಡು ವರ್ಷ ಬಿಡುವಂತಿಲ್ಲ. ಪೆಟ್ಟಿಗೆ ಹಚ್ಚಿದರೆ ಹಸಿರು ದೀಪವೇನೋ ಮಿನುಗಿತು. ಸಿಗ್ನಲ್ಲು ಮಾತ್ರ ಅಡುಗೆಮನೆಯಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿ ಇಲ್ಲ, ಬಚ್ಚಲಲ್ಲಿ ಪೀಠದ ಮೇಲೆ ಹತ್ತಿ ನಿಂತರೂ ಇಲ್ಲ. ತಂಗಿ ಮಗನನ್ನು ಕರೆಸಿದರು. ಅವನು ಕಿಟಕಿಯಿಂದ ಹೊರಗೆ ನೋಡಿ, "ಗೋಪುರ ಗುಡ್ಡದ ಆ ಕಡೆ ಇದೆ. ಮಧ್ಯ ಮರಗಳು. ಎಲೆ ಉದುರಿದ ಮೇಲೆ ಬರುತ್ತೆ," ಎಂದ.

"ಎಲೆ ಯಾವಾಗ ಉದುರುತ್ತೆ?" ವುಕೊಸಾವಾ ಕೇಳಿದಳು.

"ಈ ಸಲ ಚಳಿ ಲೇಟು ಅಂತಿದಾರೆ," ಎಂದು ಅವನು ಅನುಭವಸ್ಥನಂತೆ ತಲೆಯಾಡಿಸಿ ಎರಡು ಲೋಟ ಬ್ರಾಂದಿ ಕುಡಿದು ಹೋದ.

ಹದಿನಾಲ್ಕು ದಿನದೊಳಗೆ ಪೆಟ್ಟಿಗೆ ಹಿಂದಿರುಗಿಸಿದರೆ ಕರಾರು ರದ್ದು ಎಂದು ಸಣ್ಣಕ್ಷರದಲ್ಲಿತ್ತು. ವುಕೊಸಾವಾ ಅದನ್ನು ಓದಿ ತೋರಿಸಿದಳು. ರಾದಿವೋಯೆಯ ಮುಖ ಬಿಳಿಚಿತು.

"ಕೂಮನ ಪೆಟ್ಟಿಗೆ ವಾಪಸ್ ಕೊಡೋದಾ? ಅದಕ್ಕಿಂತ ಹೋಗಿ ಅವನ ತಾಯಿ ಸಮಾಧಿ ಮೇಲೆ ಕುಣಿದು ಬರ್ತೀನಿ, ಅದು ವಾಸಿ."

ಪೆಟ್ಟಿಗೆ ಉಳಿಯಿತು. ಹಜಾರದ ಕಪಾಟಿನ ಮೇಲೆ, ಕಸೂತಿ ಬಟ್ಟೆ ಹಾಸಿ, ಕೂಮ್ ಬಂದರೆ ಕಾಣುವ ಹಾಗೆ ಇಟ್ಟರು.

ಅದು ಮೊದಲು ಕಂಡದ್ದು ಎದುರುಮನೆಯ ಸ್ಪೊಮೆಂಕಾಳಿಗೆ. ಇಪ್ಪತ್ತೆರಡು ವರ್ಷದಿಂದ ದಿನಾ ಹತ್ತು ಗಂಟೆಗೆ ಕಾಫಿಗೆ ಬರುವವಳು. ಬಟ್ಟಲನ್ನು ತುಟಿಯವರೆಗೆ ಒಯ್ದವಳು ಹಾಗೇ ಕೆಳಗಿಟ್ಟಳು.

"ಕೊಕ್ಕರೆ," ಎಂದಳು.

"ಅದು... ಕೂಮ್..." ಎಂದ ರಾದಿವೋಯೆ.

"ನನ್ನ ಮಗಳು ಮಿಂಚುಹುಳದಲ್ಲಿ ಎಂಟು ವರ್ಷದಿಂದ ಕೂತಿದಾಳೆ. ನಿಮ್ಮ ಕೈಯಲ್ಲಿ ಆಡಿದ ಹುಡುಗಿ. ನಾನು ಏನೂ ಹೇಳಲ್ಲ ಬಿಡಿ. ಯಾರ್ಯಾರಿಗೆ ಯಾರ್ಯಾರು ನಮ್ಮವರು ಅಂತ ಗೊತ್ತಾದ್ರೆ ಒಳ್ಳೇದೇ. ಕಾಫಿ ಇವತ್ತು ಯಾಕೋ ಕಹಿ."

ವುಕೊಸಾವಾ ಮಾರುಕಟ್ಟೆಯಿಂದ ಬರುವಷ್ಟರಲ್ಲಿ ಎರಡನೆಯ ಕರಾರು ಆಗಿಹೋಗಿತ್ತು. ಎರಡು ಮನೆಗಳ ನಡುವಿನ ಮೆಟ್ಟಿಲಕಟ್ಟೆಯ ಮೇಲೆ, ಸ್ಪೊಮೆಂಕಾಳ ಇಸ್ತ್ರಿ ಹಲಗೆಯನ್ನೇ ಮೇಜು ಮಾಡಿಕೊಂಡು, ರಾದಿವೋಯೆ ಏಳು ಕಡೆ ಸಹಿ ಹಾಕಿದ್ದ.

"ಇನ್ನೆರಡು ವರ್ಷ!" ಎಂದಳು ವುಕೊಸಾವಾ.

"ಎರಡೂ ಒಟ್ಟಿಗೇ ನಡೆಯುತ್ತೆ ಕಣೇ, ಒಂದಾದ ಮೇಲೊಂದಲ್ಲ," ಎಂದು ರಾದಿವೋಯೆ ಸಮಾಧಾನ ಹೇಳಿದ. ಜೈಲಿನ ಶಿಕ್ಷೆಯ ಬಗ್ಗೆ ವಕೀಲರು ಹೇಳುವುದೂ ಹೀಗೆಯೇ.

ಮಿಂಚುಹುಳದ ಪೆಟ್ಟಿಗೆ ಕೊಕ್ಕರೆಯಷ್ಟು ಸೋಮಾರಿಯಲ್ಲ. ಅದಕ್ಕೆ ಸಿಗ್ನಲ್ಲು ಬರುತ್ತಿತ್ತು; ಆದರೆ ಉಗ್ರಾಣದಲ್ಲಿ ಮಾತ್ರ. ಒಂದೂವರೆ ಮೀಟರ್ ಅಗಲದ ಆ ಕತ್ತಲೆ ಗೂಡಿನಲ್ಲಿ, ಕಿಟಕಿಯೆಂಬ ಹೆಸರಿನ ಕಿಂಡಿಯ ಪಕ್ಕ, ಉಪ್ಪಿನಕಾಯಿಯ ಪೀಪಾಯಿಯ ಮೇಲೆ ಇಟ್ಟಾಗ ಮಾತ್ರ.

ವುಕೊಸಾವಾ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಶಾಲೆಗೆ ಹೋಗುತ್ತಿದ್ದಾಗಿನ ಬೂದು ಕೋಟು ತೊಟ್ಟು, ಕೋಷ್ಟಕವನ್ನು ಕೈಚೀಲದಲ್ಲಿಟ್ಟುಕೊಂಡು, ತಾನೇ ಅಳಿಲಿನ ಅಂಗಡಿಗೆ ಹೊರಟಳು. ಯಾರನ್ನೂ ವಿಚಾರಿಸಲಿಲ್ಲ. ಯಾರಿಂದಲೂ ಹೇಳಿಸಲಿಲ್ಲ. ನಾಗರಿಕಳಂತೆ ಚೀಟಿ ಹರಿದುಕೊಂಡು, ನಾಗರಿಕಳಂತೆ ಐವತ್ತು ನಿಮಿಷ ಕುಳಿತಳು. ಅವಳ ಸಂಖ್ಯೆ ಬಂದಾಗ ಗಾಜಿನ ಆಚೆಗಿದ್ದ ನಲವತ್ತರ ಬೋಳುತಲೆಯವನು ಎದ್ದು ನಿಂತುಬಿಟ್ಟ.

"ಪ್ರೊಫೆಸರ್! ನಾನು ಗ್ವೊಜ್ದೆನ್. ಮೂರನೇ ಬಿ. ಕಿಟಕಿ ಪಕ್ಕ ಕೂರ್ತಿದ್ದೆ."

ಆ ಊರಿನಲ್ಲಿ ಪ್ರೌಢಶಾಲೆಯ ಅಧ್ಯಾಪಕರೂ ಪ್ರೊಫೆಸರೇ. ವುಕೊಸಾವಾಳಿಗೆ ನೆನಪಾಯಿತು. ಐದಕ್ಕೆ ಒಂದು ಅಂಕ. ಎರಡು ವರ್ಷ, ಎರಡು ಸಲವೂ ಒಂದೇ ಒಂದು. ಬೇಸಿಗೆ ರಜೆಯೆಲ್ಲ ಮರುಪರೀಕ್ಷೆಗೆ ಓದಿದ ಹುಡುಗ.

"ಕೂತ್ಕೋ, ಗ್ವೊಜ್ದೆನ್," ಎಂದಳು. ಅವನು ಕೂತ.

"ನಿಮಗೆ ನಾನು ಸ್ಪೆಷಲ್ಲಾಗಿ ಮಾಡ್ತೀನಿ ಪ್ರೊಫೆಸರ್. ನೀವು ನಮ್ಮವರು. ಒಂಬತ್ತನೇ ಸಾಲಿನದೇ, ಎರಡು ಸಾವಿರದ ಐನೂರು ದಿನಾರ್. ಪಿಂಚಣಿಯವರಿಗೆ ಇಪ್ಪತ್ತು ಪರ್ಸೆಂಟ್ ಕಮ್ಮಿ, ಉಳಿದದ್ದರ ಮೇಲೆ ಶರತ್ಕಾಲದ ಮೂವತ್ತು ಪರ್ಸೆಂಟ್ ಕಮ್ಮಿ. ಒಟ್ಟು ಐವತ್ತು. ಅರ್ಧಕ್ಕರ್ಧ! ಸಾವಿರದ ಇನ್ನೂರೈವತ್ತು."

ವುಕೊಸಾವಾ ಕೋಟಿನ ಗುಂಡಿ ಬಿಚ್ಚಿದಳು.

"ಇನ್ನೊಂದ್ಸಲ ಹೇಳು."

"ಇಪ್ಪತ್ತು, ಮೂವತ್ತು, ಐವತ್ತು."

"ಮೂವತ್ತು ಯಾವುದರ ಮೇಲೆ?"

"ಉಳಿದದ್ದರ ಮೇಲೆ."

"ಉಳಿದದ್ದು ಎಷ್ಟು?"

ಗ್ವೊಜ್ದೆನ್‌ನ ಬೋಳುತಲೆಯ ಮೇಲೆ ಬೆವರು ಮೂಡಿತು. ಇಪ್ಪತ್ಮೂರು ವರ್ಷಗಳ ಹಿಂದೆ ಕರಿಹಲಗೆಯ ಮುಂದೆ ನಿಂತಾಗ ಮೂಡಿದ ಬೆವರೇ ಅದು. "ಪ್ರೊಫೆಸರ್, ಕಂಪ್ಯೂಟರ್ ಬೇಡ, ನಾನೇ ಕೈಯಲ್ಲಿ ಹಾಕ್ತೀನಿ, ನಿಮಗೆ ಲಾಭ ಆಗ್ಲಿ ಅಂತ..."

"ಎರಡು ಸಾವಿರ ಉಳೀತು. ಅದರಲ್ಲಿ ಮೂವತ್ತು ಹೋದ್ರೆ ಸಾವಿರದ ನಾನೂರು. ರಿಯಾಯಿತಿ ಐವತ್ತಲ್ಲ, ನಲವತ್ತನಾಲ್ಕು. ಬರಿ."

"ಆದ್ರೆ ಪ್ರೊಫೆಸರ್, ಐವತ್ತಾದ್ರೆ ನಿಮಗೇ..."

"ಬರಿ ಅಂದೆ."

ಸಾಲಿನಲ್ಲಿದ್ದ ಮುದುಕನೊಬ್ಬ "ಅಮ್ಮಾ ತಾಯಿ, ನಿನಗೆ ಬೇಡವಾದ್ರೆ ಆ ಆರು ಪರ್ಸೆಂಟು ನನಗೆ ಕೊಡಿಸು," ಎಂದು ಕೂಗಿದ. ವುಕೊಸಾವಾ ತಿರುಗಿಯೂ ನೋಡಲಿಲ್ಲ. ಗ್ವೊಜ್ದೆನ್‌ಗೆ ಮೂರು ಉದಾಹರಣೆ ಕೊಟ್ಟು ಅವನಿಂದಲೇ ಬಿಡಿಸಿದಳು. ಮೂರನೆಯದನ್ನು ಅವನು ತಾನಾಗಿಯೇ ಸರಿಮಾಡಿದ. ಅವಳು ತೃಪ್ತಳಾಗಿ ಸಹಿ ಹಾಕಿದಳು. ಹಿಂದಿನ ರಾತ್ರಿಯಿಂದ ಕಾಣದಿದ್ದ ಹಸಿವು ಆಗ ಕಾಣಿಸಿಕೊಂಡು, ದಾರಿಯಲ್ಲಿ ಮಾಂಸ ತುಂಬಿದ ಕಡುಬಿನಂಥ ಒಂದು ಬೂರೆಕ್ ತಿಂದು ಮನೆಗೆ ಬಂದಳು.

ರಾದಿವೋಯೆ ಕರಾರನ್ನು ಕನ್ನಡಕ ಹಾಕಿಕೊಂಡು ಓದಿದ.

"ಹಾಗಾದ್ರೆ ತಿಂಗಳಿಗೆ ನೂರೈವತ್ತು ಜಾಸ್ತಿ ಕೊಡ್ತೀವಿ? ಎರಡು ವರ್ಷ?"

"ಸರಿಯಾದ ಉತ್ತರಕ್ಕೆ ಕೊಡ್ತೀವಿ."

"ಸರಿ," ಎಂದ ರಾದಿವೋಯೆ. (ಅವನು ಬೇರೇನು ಹೇಳಿಯಾನು?) ಆಮೇಲೆ ಮೆಲ್ಲಗೆ, "ಇಲ್ಲಿ 'ಜಾರಿಗೆ ಬರುವ ದಿನ ನವೆಂಬರ್ ಒಂದು' ಅಂತಿದೆ. ಪಾಠ ಹದಿನಾಲ್ಕಕ್ಕೆ ಅಲ್ವಾ, ಅಕ್ಟೋಬರ್?"

ವುಕೊಸಾವಾ ಕರಾರನ್ನು ಅವನ ಕೈಯಿಂದ ಕಿತ್ತುಕೊಂಡು ತಾರೀಖನ್ನು ಎರಡು ಸಲ ಓದಿದಳು. ಬೇರೆಯವರ ಲೆಕ್ಕದ ತಪ್ಪು ಹಿಡಿಯುವ ಭರದಲ್ಲಿ ತಾರೀಖು ನೋಡುವುದನ್ನು ಮರೆತ ಗಣಿತದ ಅಧ್ಯಾಪಕಿಗೆ ಐದಕ್ಕೆ ಎಷ್ಟು ಅಂಕ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಮೂರು ಕರಾರು, ಮೂರು ಪೆಟ್ಟಿಗೆ. ಒಂದು ಎಲೆ ಉದುರುವುದನ್ನು ಕಾಯುತ್ತಿತ್ತು, ಒಂದು ನವೆಂಬರನ್ನು ಕಾಯುತ್ತಿತ್ತು, ಒಂದು ಉಗ್ರಾಣದಲ್ಲಿ ಉಪ್ಪಿನಕಾಯಿಯ ಮೇಲೆ ಕೂತಿತ್ತು. ತಿಹೋಮಿರ್ ಎರಡು ದಿನಕ್ಕೊಮ್ಮೆ ಬಂದು "ಹೇಗಿದಾನೆ ನಮ್ಮ ಕೊಕ್ಕರೆ?" ಎಂದು ಪೆಟ್ಟಿಗೆಯ ಬೆನ್ನು ತಟ್ಟಿ ಹೋಗುತ್ತಿದ್ದ. "ಹಾರ್ತಾ ಇದಾನೆ ಕೂಮೆ, ಹಾರ್ತಾ ಇದಾನೆ," ಎನ್ನುತ್ತಿದ್ದ ರಾದಿವೋಯೆ. ಸ್ಪೊಮೆಂಕಾ ಬರುವ ಹೊತ್ತಿಗೆ ಕೊಕ್ಕರೆಯ ಮೇಲೆ ಅವನ ಟೋಪಿ ಬೀಳುತ್ತಿತ್ತು.

ಉಳಿದದ್ದು ಉಗ್ರಾಣವೇ; ಹಳೆಯ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಗಿಡ್ಡ ತಂತಿಯಿಂದಲೇ ಜೋಡಿಸಬೇಕಿತ್ತು. ವುಕೊಸಾವಾ ಒಳಗೆ ಒಂದು ಗಿಡ್ಡ ಮಣೆ ಇಟ್ಟು, ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲೆ ಕೂರಿಸಿ, ಹಿಂದಿನ ಕಪಾಟು ಕಾಣದಂತೆ ಬಿಳಿ ದುಪ್ಪಟಿ ಇಳಿಬಿಟ್ಟಳು. ಮೂರು ಸಲ ಅಭ್ಯಾಸ ಮಾಡಿದಳು. ಮೂರೂ ಸಲ ಬೆಳಗಿನ ಹೊತ್ತು. ಚಿತ್ರ ಸ್ಪಷ್ಟವಾಗಿ ಬಂತು.

ಬುಧವಾರ ಐದಕ್ಕೆ ಹತ್ತು ನಿಮಿಷವಿರುವಾಗ ವಿಯೆನ್ನಾದ ಶಾಲೆಯ ಮುಖ್ಯಸ್ಥೆ ಪರದೆಯ ಮೇಲೆ ಕಾಣಿಸಿಕೊಂಡು, "ನಮಸ್ಕಾರ ಪ್ರೊಫೆ..." ಎಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಮುಚ್ಚಲಿಲ್ಲ. ಒಂದು ನಿಮಿಷದ ನಂತರವೂ ತೆರೆದೇ ಇತ್ತು.

"ರಾದಿವೋಯೆ!"

ರಾದಿವೋಯೆ ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಯಾರಿಗೆ ಕೊಟ್ಟೆ ಪಾಸ್‌ವರ್ಡ್?"

"ಸ್ಪೊಮೆಂಕಾ ಕೇಳಿದ್ಳು. ಅವಳ ಮಗಳದ್ದೇ ಅಲ್ವಾ ಪೆಟ್ಟಿಗೆ, ಹೇಗೆ ಇಲ್ಲ ಅನ್ನಲಿ? ಆಮೇಲೆ ಕೆಳಗಿನವರು. ಅವರ ಮೊಮ್ಮಗು ಕಾರ್ಟೂನ್ ನೋಡ್ದೆ ಅನ್ನ ತಿನ್ನಲ್ಲ."

"ಆಮೇಲೆ?"

"ಪೆತ್ರಾಶಿನ್."

"ಕೇಬಲ್ ಬಿಡದ ಪೆತ್ರಾಶಿನ್‌ಗೆ?"

"ಅವನಿಗೆ ಮನೇಲಿ ಇಂಟರ್ನೆಟ್ ಇಲ್ಲ ಕಣೇ. ಕೇಬಲ್ ಇಲ್ವಲ್ಲ."

"ಒಟ್ಟು ಎಷ್ಟು ಜನ?"

ರಾದಿವೋಯೆ ಬೆರಳು ಮಡಿಸತೊಡಗಿ, ಎರಡನೆಯ ಕೈಗೆ ಬಂದು, ಬಿಟ್ಟುಬಿಟ್ಟ. "ಮೆಟ್ಟಿಲು ಪೂರ್ತಿ," ಎಂದ. "ಸಂಜೆ ಹೊತ್ತು ಎಲ್ಲರೂ ಮನೇಲಿರ್ತಾರೆ."

ಹೊರಗೆ ಕರೆಗಂಟೆ ಬಾರಿಸಿತು. ತಿಹೋಮಿರ್‌ನ ಧ್ವನಿ ಬಾಗಿಲನ್ನು ದಾಟಿ ಉಗ್ರಾಣದ ಸೀಸೆಗಳನ್ನು ನಡುಗಿಸಿತು: "ಕೂಮೆ! ಕ್ವಿನ್ಸ್ ಹಣ್ಣಿನ ಬ್ರಾಂದಿ ತಂದಿದೀನಿ! ಕೊಕ್ಕರೇಲಿ ಫುಟ್‌ಬಾಲ್ ನೋಡೋಣ!"

ಅಷ್ಟು ವರ್ಷ ತರಗತಿಯಲ್ಲಿ ನಿಂತವಳಿಗೆ ಆಗ ಮೊದಲ ಬಾರಿ ಕೂಗುವ ಶಕ್ತಿಯೂ ಉಳಿಯಲಿಲ್ಲ.

"ಹೋಗಿ ಅವನಿಗೆ ಇವತ್ತು ಆಗಲ್ಲ ಅನ್ನು," ಎಂದಳು. "ಎಲ್ಲರಿಗೂ ಹೋಗಿ ಮುಕ್ಕಾಲು ಗಂಟೆ ಬಿಡಿ ಅನ್ನು. ಬೇಡ, ಬಿಡು. ನೀನು ಅನ್ನಲ್ಲ. ನನಗೆ ಗೊತ್ತು. ಅವನನ್ನ ಕೂರಿಸು, ಲೋಟ ಕೊಡು. ಪೆರ್ಸಿದಾ ಕೇಕು ಕತ್ತರಿಸ್ಲಿ."

ರಾದಿವೋಯೆ ಉಗ್ರಾಣದ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದ.

ಐದಾಯಿತು. ಐದೂ ಎರಡಾಯಿತು. ಪರದೆಯ ಮೇಲೆ ಹನ್ನೆರಡು ಮಕ್ಕಳ ಮುಖಗಳು ಚೌಕ ಚೌಕವಾಗಿ ಒಡೆದು ಬಿದ್ದಿದ್ದವು. ಮುಖ್ಯಸ್ಥೆಯ ಬಾಯಿ ಒಮ್ಮೆ ಮುಚ್ಚಿ ಮತ್ತೆ ತೆರೆದು ನಿಂತಿತು. ಹೊರಗೆ ಯಾರೋ ಓಡಾಡುವ ಸದ್ದು. ಬಾಗಿಲು ಬಡಿದ ಸದ್ದು, ಇನ್ನೊಂದು ಬಾಗಿಲು, ಮೇಲೆ ಮತ್ತೊಂದು. ತಗಡಿನ ಮೇಲೆ ಏನೋ ಬಿದ್ದಂತೆ ಠಣ್, ಠಣ್. ಕುಡಿಯಲು ಕೂತರೆಂದುಕೊಂಡಳು ವುಕೊಸಾವಾ. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈಯಿಟ್ಟಳು.

ಐದೂ ನಾಲ್ಕಕ್ಕೆ, ನೀರಿನಿಂದ ಮೇಲೆದ್ದಂತೆ, ಹನ್ನೆರಡು ಮುಖಗಳೂ ಒಮ್ಮೆಲೇ ಸ್ಪಷ್ಟವಾದವು.

ಅವಳು ಕೈ ತೆಗೆದು ಕೋಟು ಸರಿಮಾಡಿಕೊಂಡಳು. ಯಾಕೆ, ಹೇಗೆ ಎಂದು ಯೋಚಿಸಲಿಲ್ಲ. "ಭಿನ್ನರಾಶಿ," ಎಂದಳು. "ಪುಸ್ತಕ ಮುಚ್ಚಿ." ಆ ಗತ್ತಿಗೆ ಹಿಂದಿನ ದುಪ್ಪಟಿಯ ಮೊಳೆ ಕಳಚಿ ದುಪ್ಪಟಿ ಅವಳ ಹೆಗಲ ಮೇಲೆ ಇಳಿಯಿತು. ಕಪಾಟು ಪೂರ್ತಿ ಬಯಲಾಯಿತು: ಸಾಲು ಸಾಲು ಸೀಸೆ, ಸುಟ್ಟ ಮೆಣಸಿನಕಾಯಿಯ ಚಟ್ನಿಯಾದ ಅಜ್ವಾರ್, ಉಪ್ಪುನೀರಿನ ಸೌತೆ, ಪ್ಲಮ್ ಹಣ್ಣಿನ ಜಾಮು.

"ಟೀಚರ್! ಅದು ಅಜ್ವಾರಾ?" ಎಂದ ಮುಂದಿನ ಸಾಲಿನ ಒಬ್ಬ.

"ಎಷ್ಟು ಸೀಸೆ ಕಾಣ್ತಿದೆ, ಎಣಿಸು."

"ಇಪ್ಪತ್ನಾಲ್ಕು!"

"ಅದರಲ್ಲಿ ಮೂರರಲ್ಲಿ ಒಂದು ಭಾಗ ಖಾರ. ಉಳಿದದ್ದರಲ್ಲಿ ನಾಲ್ಕರಲ್ಲಿ ಒಂದು ಭಾಗ ಪಕ್ಕದ ಮನೆಯವರು ಕೇಳಿಕೊಂಡು ಹೋದ್ರು, ನಮ್ಮ ಮನೆಯವರು ಕೊಟ್ರು. ಖಾರವಿಲ್ಲದ್ದು ನಮಗೆ ಎಷ್ಟು ಉಳೀತು? ಉಳಿದದ್ದರಲ್ಲಿ ಅಂದೆ. ಗಮನ ಇಟ್ಕೋ."

ಹನ್ನೆರಡು ಕೈಗಳು ಮೇಲೆದ್ದವು. ಪಾಠ ಮುಂದೆ ಸಾಗಿದ್ದು ಅವಳಿಗೆ ನೆನಪಿಲ್ಲ, ಐದೂ ನಲವತ್ತಕ್ಕೆ ಮುಖ್ಯಸ್ಥೆ, "ಇಷ್ಟು ಸಾಕು ಪ್ರೊಫೆಸರ್, ಇನ್ನು ನೋಡೋದೇನೂ ಇಲ್ಲ. ಸೋಮವಾರದಿಂದ ಶುರು ಮಾಡಿ," ಎಂದದ್ದು ಮಾತ್ರ ನೆನಪಿದೆ. "ಹಿನ್ನೆಲೆಯನ್ನ ಎಷ್ಟು ಯೋಚಿಸಿ ಜೋಡಿಸಿದೀರಿ!" ಎಂದೂ ಅವಳು ಸೇರಿಸಿದಳು. ಜಗತ್ತಿನಲ್ಲಿ ಯಾರ ತಪ್ಪನ್ನೂ ತಿದ್ದದೆ ಬಿಡದ ವುಕೊಸಾವಾ ಈ ತಪ್ಪನ್ನು ತಿದ್ದಲಿಲ್ಲ.

ಉಗ್ರಾಣದಿಂದ ಹೊರಬಂದಾಗ ಮನಸ್ಸಿನಲ್ಲಿದ್ದದ್ದು ಒಂದೇ: ಪೆರ್ಸಿದಾಳಿಗೆ ಫೋನ್ ಮಾಡಬೇಕು. ಸಹಜವಾಗಿ, ಆರೋಗ್ಯ ವಿಚಾರಿಸುವಂತೆ. ಫೋನು ಹಜಾರದ ಕಪಾಟಿನ ಮೇಲಿರಲಿಲ್ಲ. ಕೋಟಿನ ಜೇಬಿನಲ್ಲಿರಲಿಲ್ಲ. ಮನೆಯಲ್ಲಿ ರಾದಿವೋಯೆಯೂ ಇರಲಿಲ್ಲ. ಹೊರಬಾಗಿಲು ಸ್ವಲ್ಪ ತೆರೆದಿತ್ತು.

ಮೆಟ್ಟಿಲ ಮೇಲೆ, ಬರಿಯ ತಣ್ಣನೆಯ ಸಿಮೆಂಟಿನ ಮೇಲೆ, ಇಡೀ ಕಟ್ಟಡ ಕುಳಿತಿತ್ತು. ತಿಹೋಮಿರ್ ಗೋಡೆಗೊರಗಿ, ಶಿಕ್ಷೆಗೊಳಗಾದ ಕರಡಿಯಂತೆ, ಬ್ರಾಂದಿಯ ಸೀಸೆಯನ್ನು ತಬ್ಬಿಕೊಂಡಿದ್ದ. ಸ್ಪೊಮೆಂಕಾ ಮೂಗುಮುರಿದುಕೊಂಡು ಕೂತಿದ್ದಳು. ಕೆಳಗಿನವರ ಮಗು ಚಮಚ ಚೀಪುತ್ತ ಅಜ್ಜಿಯ ತೊಡೆಯ ಮೇಲಿತ್ತು. ಪೆತ್ರಾಶಿನ್ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ, ಹೊಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದ. ಅವರ ನಡುವೆ, ಅಜ್ವಾರ್ ಕುದಿಸುವ ಇಪ್ಪತ್ತು ಲೀಟರಿನ ತಗಡಿನ ಪಾತ್ರೆಯ ಮುಚ್ಚಳದ ಮೇಲೆ, ಮನೆಯ ಚಪ್ಪಲಿಯಲ್ಲಿ, ರಾದಿವೋಯೆ ಕುಳಿತಿದ್ದ.

"ಏನಿದು?" ಎಂದಳು ವುಕೊಸಾವಾ.

"ಫೋನುಗಳು," ಎಂದ ರಾದಿವೋಯೆ.

"ಒಂದೊಂದಾಗಿ ಮನೆಮನೆಗೆ ಬಂದು ಕಿತ್ಕೊಂಡ ಪ್ರೊಫೆಸರ್!" ಸ್ಪೊಮೆಂಕಾಳ ಧ್ವನಿ ಒಡೆಯಿತು. "ನಾನು ನಮ್ಮಕ್ಕನ ಜೊತೆ ಮಾತಾಡ್ತಾ ಇದ್ದೆ. ಮಧ್ಯದಲ್ಲೇ!"

"ನನ್ನದೂ ತಗೊಂಡ," ಎಂದ ತಿಹೋಮಿರ್. ಬೇಸರಕ್ಕಿಂತ ಬೆರಗೇ ಹೆಚ್ಚಿತ್ತು ಅವನ ದನಿಯಲ್ಲಿ. "ನನ್ನದು. ಕೂಮನದು."

ಪೆತ್ರಾಶಿನ್ ಎರಡು ಬೆರಳೆತ್ತಿ ತೋರಿಸಿದ. ಅವನಿಂದ ರಾದಿವೋಯೆ ಎರಡು ಫೋನು ಕಿತ್ತುಕೊಂಡಿದ್ದನಂತೆ.

"ಆಯ್ತು, ಪಾಠ ಮುಗೀತು. ಕೆಲಸ ಸಿಕ್ತು," ಎಂದಳು ವುಕೊಸಾವಾ. "ಅವರವರದ್ದು ಅವರವರಿಗೆ ಕೊಡು. ನನ್ನ ಫೋನೆಲ್ಲಿ?"

"ಇದರೊಳಗೆ. ಅದೂ ಇದೇ ಪೆಟ್ಟಿಗೇಲೇ ಓಡ್ತಿತ್ತು."

"ಸರಿ. ಏಳು, ಕೊಡು. ಪೆರ್ಸಿದಾಗೆ ಒಂದು ಕರೆ ಮಾಡ್ಬೇಕು."

ರಾದಿವೋಯೆ ಕೈಗಡಿಯಾರ ನೋಡಿದ. ಐದೂ ನಲವತ್ತೊಂದು. ಅವನು ಹೆಂಡತಿಯ ಕಡೆ ತಲೆಯೆತ್ತಿದ.

"ಇಲ್ಲ," ಎಂದ.

ಮೆಟ್ಟಿಲು ಪೂರ್ತಿ ಅವಳ ಮುಖ ನೋಡಿತು.

"ಏನಂದೆ?"

"ಇಲ್ಲ ಅಂದೆ. ಎಲ್ಲರಿಗೂ ಐದೂ ಮುಕ್ಕಾಲು ಅಂತ ಹೇಳಿದೀನಿ. ಇನ್ನೂ ನಾಲ್ಕು ನಿಮಿಷ ಇದೆ. ಕೂತ್ಕೋ."

ಹೇಳಿ, ಮುಚ್ಚಳದ ಮೇಲೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು, ಬೆನ್ನು ನೆಟ್ಟಗೆ ಮಾಡಿ ಕುಳಿತ.